ಬೈಕನ್ನು ರೈಲಿನಲ್ಲಿ ಒಯ್ಯುವುದೋ, ಕಳಿಸುವುದೋ?

ಬೈಕನ್ನು ರೈಲಿನಲ್ಲಿ ದೆಹಲಿಗೋ ಚಂಡೀಗಢಕ್ಕೋ ಸಾಗಿಸಿ, ಅಲ್ಲಿಂದ ಲಡಾಖ್ ಕಡೆ ಓಡಿಸಿಕೊಂಡು ಹೋಗುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ. ಲಗೇಜು ಮತ್ತು ಪಾರ್ಸೆಲ್ಲು, ಇವೆರಡರ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ವ್ಯತ್ಯಾಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. 1989ರ ರೈಲ್ವೆ ಕಾಯ್ದೆ ಎರಡಕ್ಕೂ ಬೇರೆ ಬೇರೆ ವಿವರಣೆ ಕೊಡುತ್ತದೆ. ಪ್ರಯಾಣಿಕನ ಸಾಮಾನು ಲಗೇಜು. ಅದು ಅವನ ಕೈಯಲ್ಲೇ ಇರಬಹುದು, ಸಾಗಿಸಿ ಅಂತ ರೈಲ್ವೆಗೆ ಒಪ್ಪಿಸಿದ್ದೂ ಆಗಿರಬಹುದು. ಪಾರ್ಸೆಲ್ ಅಂದರೆ ಪ್ರಯಾಣಿಕರ ರೈಲಿನಲ್ಲೋ ಪಾರ್ಸೆಲ್ ರೈಲಿನಲ್ಲೋ ಸಾಗಿಸಲು ಒಪ್ಪಿಸಿದ ಸರಕು. ಅದರ ಹಿಂದೆ ಪ್ರಯಾಣಿಕ ಇರಲೇಬೇಕು ಅಂತಿಲ್ಲ. ಬೈಕಿನ ಮಟ್ಟಿಗೆ ಇದರ ಅರ್ಥ ಇಷ್ಟು. ನಿಮ್ಮ ಹತ್ತಿರ ಟಿಕೆಟ್ ಇದ್ದು ಲಗೇಜಾಗಿ ಬುಕ್ ಮಾಡಿದರೆ ಬೈಕು ಸಾಮಾನ್ಯವಾಗಿ ನೀವು ಹೋಗುವ ರೈಲಿನಲ್ಲೇ ಬರುತ್ತದೆ, ದರ ಜಾಸ್ತಿ. ಪಾರ್ಸೆಲ್ ಮಾಡಿದರೆ ಟಿಕೆಟ್ ಬೇಡ, ಆದರೆ ಜಾಗ ಇರುವ ರೈಲಿನಲ್ಲಿ ಹೋಗುತ್ತದೆ. ನೀವು ಮೊದಲು ಮುಟ್ಟಬಹುದು, ಅದು ಮೊದಲು ಮುಟ್ಟಬಹುದು.

ಈಗ ತೊಂದರೆ ನೋಡಿ. ಕನ್ನಡದಲ್ಲಿ ಮಾತಾಡುವಾಗ ಎರಡಕ್ಕೂ ನಾವು ಪಾರ್ಸೆಲ್ ಅಂತಲೇ ಹೇಳುತ್ತೇವೆ. 'ಬೈಕ್ ಪಾರ್ಸೆಲ್ ಮಾಡಿಬಿಡು' ಅನ್ನುವುದು ಬಾಯಿಗೆ ಸಲೀಸು. ಕೌಂಟರಿನಲ್ಲಿ ಹಾಗೆ ಹೇಳಿದರೆ ಅವರು ಪಾರ್ಸೆಲ್ಲಿನ ಫಾರಂ ಕೊಡುತ್ತಾರೆ, ಅದು ಅವರ ತಪ್ಪಲ್ಲ. ಪರಿಚಯದ ಒಬ್ಬರು ಜೇಬಿನಲ್ಲಿ ಟಿಕೆಟ್ ಇಟ್ಟುಕೊಂಡೇ ಹೀಗೆ ಹೇಳಿ, ಆಮೇಲೆ ದೆಹಲಿಯಲ್ಲಿ ಬೈಕಿಗಾಗಿ ಕಾದು ಕೂತರು.

ಈ ಗೊಂದಲಕ್ಕೆ ನನಗೆ ತೋಚುವ ಕಾರಣ ಹೋಟೆಲು. ಹೋಟೆಲಿನಲ್ಲಿ ಪಾರ್ಸೆಲ್ ಅಂದರೆ ಕಟ್ಟಿಸಿಕೊಂಡು ನಾವೇ ಕೈಯಲ್ಲಿ ಹಿಡಿದು ಹೋಗುವುದು. ರೈಲ್ವೆಯಲ್ಲಿ ಪಾರ್ಸೆಲ್ ಅಂದರೆ ನಾವಿಲ್ಲದೆಯೂ ಹೋಗುವುದು. ಒಂದೇ ಪದ, ಅರ್ಥ ಪೂರ್ತಿ ಉಲ್ಟಾ. ದಿನಾ ಬಳಸುವ ಅರ್ಥವೇ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅಲ್ವಾ?

ಹೊಸ ಪದ ಟಂಕಿಸುವ ಆಸೆ ನನಗಿಲ್ಲ. 'ಸಹಪ್ರಯಾಣ ಸರಕು' ಅಂತೇನಾದರೂ ಬರೆದರೆ ಓದುವವನು ಪುಸ್ತಕ ಮುಚ್ಚುತ್ತಾನೆ. ಆದರೆ ಯೋಚಿಸಿದಷ್ಟೂ ಅನ್ನಿಸುವುದು, ಈ ವ್ಯತ್ಯಾಸ ಕನ್ನಡದ ಕ್ರಿಯಾಪದಗಳಲ್ಲಿ ಆಗಲೇ ಇದೆ ಅಂತ. ಒಯ್ಯು ಮತ್ತು ಕಳಿಸು. ಒಯ್ಯುವವನು ಸಾಮಾನಿನ ಜೊತೆಗೇ ಹೋಗುತ್ತಾನೆ. ಕಳಿಸುವವನು ಇಲ್ಲೇ ನಿಲ್ಲುತ್ತಾನೆ, ಇಲ್ಲವೇ ಬೇರೆ ದಾರಿಯಲ್ಲಿ ಹೋಗುತ್ತಾನೆ. 'ರೈಲಿನಲ್ಲಿ ಬೈಕ್ ಒಯ್ಯುತ್ತಿದ್ದೇನೆ' ಅಂದರೆ ಲಗೇಜು, 'ಬೈಕ್ ಕಳಿಸುತ್ತಿದ್ದೇನೆ' ಅಂದರೆ ಪಾರ್ಸೆಲ್ಲು. ಕಾಯ್ದೆ ಒಂದೊಂದು ವಾಕ್ಯ ತೆಗೆದುಕೊಂಡು ಹೇಳುವುದನ್ನು ಇವು ಒಂದೊಂದೇ ಪದದಲ್ಲಿ ಹೇಳಿ ಮುಗಿಸುತ್ತವೆ.

ಒಂದು ಅಡ್ಡಿ ಇದೆ. ಉತ್ತರ ಕರ್ನಾಟಕದ ಮಾತಿನಲ್ಲಿ 'ಒಯ್ತೀನಿ' ದಿನಬಳಕೆಯ ಪದ. ಬೆಂಗಳೂರು, ಮೈಸೂರು ಕಡೆ ಅದು ಬರವಣಿಗೆಯಲ್ಲಿ ಉಳಿದಿದೆಯೇ ಹೊರತು ಮಾತಿನಲ್ಲಿ 'ತಗೊಂಡು ಹೋಗ್ತೀನಿ' ಆಗಿದೆ. ಅರ್ಥ ಕೆಡುವುದಿಲ್ಲ, ಉದ್ದ ಆಗುತ್ತದೆ ಅಷ್ಟೇ. ಕೈಪಿಡಿಯಲ್ಲಿ 'ಒಯ್ಯು' ಅಂತ ಬರೆದರೆ ದಕ್ಷಿಣದವರಿಗೆ ಹಳೆಗಾಲದ ಪದ ಅನ್ನಿಸೀತೇ? ನನ್ನ ಮೊದಲ ಪ್ರಶ್ನೆ ಇದು.

ಇನ್ನೊಂದು ಜೋಡಿ: ಹಾಕು, ಹತ್ತಿಸು. ಸಾಮಾನನ್ನು ರೈಲಿಗೆ ಹಾಕುತ್ತೇವೆ, ಏರಿಸುತ್ತೇವೆ, ಈಗೀಗ ಲೋಡ್ ಮಾಡುತ್ತೇವೆ. ಮನುಷ್ಯರನ್ನು ಮಾತ್ರ ಹತ್ತಿಸುತ್ತೇವೆ. 'ಅಮ್ಮನ್ನ ರೈಲು ಹತ್ತಿಸಿ ಬಂದೆ' ಅನ್ನುತ್ತೇವೆ, 'ಅಕ್ಕಿ ಮೂಟೆ ರೈಲು ಹತ್ತಿಸಿ ಬಂದೆ' ಅಂದರೆ ನಗು ಬರುತ್ತದೆ. ಆದರೆ ಬೈಕ್ ಹುಚ್ಚಿನವರು 'ಗಾಡಿ ರೈಲು ಹತ್ತಿಸಿದೆ ಕಣೋ' ಅನ್ನುವುದನ್ನು ಕೇಳಿದ್ದೇನೆ. ಅವರ ಲೆಕ್ಕದಲ್ಲಿ ಅದು ಸಾಮಾನಲ್ಲ. ವಿಭಕ್ತಿ ತಪ್ಪಿದರೆ ಮಾತ್ರ ಕಷ್ಟ. 'ಅವನ ಮೇಲೆ ಬೈಕ್ ಹತ್ತಿಸಿದ' ಅಂದರೆ ಪೊಲೀಸ್ ಕೇಸು.

ಗಾಡಿ ಅಂದೆನಲ್ಲ, ಅದರದ್ದೇ ಒಂದು ಕಥೆ. ಬೈಕೂ ಗಾಡಿ, ರೈಲೂ ಗಾಡಿ, ಪ್ಲಾಟ್‌ಫಾರ್ಮಿನಲ್ಲಿ ಸಾಮಾನು ತಳ್ಳುವುದೂ ಗಾಡಿ. ಪಾರ್ಸೆಲ್ ಆಫೀಸಿನ ಮುಂದೆ ನಿಂತು 'ಗಾಡಿ ಬಂತಾ?' ಅಂತ ಕೇಳಿದರೆ 'ಬಂತು' ಅನ್ನುತ್ತಾರೆ. ಒಳಗೆ ನೋಡಿದರೆ ಬೈಕಿಲ್ಲ. ಬಂದಿದ್ದು ರೈಲು. ಕೈಪಿಡಿಯಲ್ಲಿ ನಾನು ಬೈಕನ್ನು ಬೈಕು ಅಂತಲೇ ಬರೆಯುತ್ತೇನೆ. 'ದ್ವಿಚಕ್ರ ವಾಹನ' ಸರ್ಕಾರಿ ಫಾರಂಗಳಲ್ಲಿ ಇರಲಿ.

ಬೋಗಿಯದ್ದೂ ಹೀಗೇ. ಇಂಗ್ಲಿಷಿನ ರೈಲ್ವೆ ಮಾತಿನಲ್ಲಿ ಬೋಗಿ ಅಂದರೆ ಗಾಲಿಗಳನ್ನು ಹೊತ್ತ ಕೆಳಗಿನ ಚೌಕಟ್ಟು. ನಮಗೆ ಬೋಗಿ ಅಂದರೆ ಇಡೀ ಡಬ್ಬಿ. ಇದನ್ನು ತಿದ್ದಲು ಹೋಗಬಾರದು, ನಮ್ಮ ಬೋಗಿ ನಮ್ಮದು. ಬೈಕು ಹೋಗುವ ಜಾಗಕ್ಕೆ ಬ್ರೇಕ್ ವ್ಯಾನ್ ಅಂತಲೂ ಎಸ್‌ಎಲ್‌ಆರ್ ಅಂತಲೂ ಹೆಸರಿದೆ. 'ಗಾರ್ಡ್ ಡಬ್ಬಿ' ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಗಾರ್ಡಿಗೆ 2022ರಿಂದ ಟ್ರೈನ್ ಮ್ಯಾನೇಜರ್ ಅನ್ನುವ ಹೆಸರಾಗಿದ್ದರೂ ಡಬ್ಬಿಯ ಹೆಸರು ಬದಲಾಗುವ ಲಕ್ಷಣ ಕಾಣೆ.

ಕಟ್ಟುವ ಕೆಲಸದ ಮಾತು ಬಂದರೆ ಕನ್ನಡ ಎಲ್ಲೂ ತಡವರಿಸುವುದಿಲ್ಲ. ಟ್ಯಾಂಕಿನ ಪೆಟ್ರೋಲು ಪೂರ್ತಿ ಬಸಿಯುತ್ತಾರೆ. ಬಸಿಯಲೇಬೇಕು, ಅಪಾಯಕಾರಿ ವಸ್ತುವನ್ನು ನಿಯಮ ಮೀರಿ ರೈಲಿಗೆ ತಂದರೆ ಅದೇ ಕಾಯ್ದೆಯ 164ನೇ ಕಲಮಿನಲ್ಲಿ ಮೂರು ವರ್ಷದವರೆಗೂ ಜೈಲಿಗೆ ಅವಕಾಶವಿದೆ. ಕನ್ನಡಿ ಬಿಚ್ಚುತ್ತಾರೆ. ಹ್ಯಾಂಡಲ್ಲಿಗೂ ಟ್ಯಾಂಕಿಗೂ ಹುಲ್ಲೋ ರಟ್ಟೋ ಒತ್ತಿಟ್ಟು, ಮೇಲೆ ಗೋಣಿ ಸುತ್ತಿ, ದಬ್ಬಣದಲ್ಲಿ ಹುರಿ ಪೋಣಿಸಿ ಹೊಲಿಯುತ್ತಾರೆ. ದಬ್ಬಣ ಒಳಗೆ ಹೋಗಿ ಹೊರಗೆ ಬರುವಾಗ ಹುರಿಯನ್ನು ಎಳೆದು ಬಿಗಿಯುವ ಆ ಕೈಯನ್ನು ನೋಡುತ್ತಾ ನಿಲ್ಲಬೇಕು, ಅಷ್ಟು ಚುರುಕು. ದಬ್ಬಣವನ್ನು ಕೆಲವು ಕಡೆ ದಬ್ಬಳ ಅನ್ನುತ್ತಾರೆ. ನಿಮ್ಮಲ್ಲಿ ಯಾವುದು? 'ಪ್ಯಾಕಿಂಗ್' ಅನ್ನುವ ಒಂದೇ ಪದದಲ್ಲಿ ಇಷ್ಟನ್ನೂ ಮುಚ್ಚಿಹಾಕುವುದು ನನಗೆ ಇಷ್ಟವಿಲ್ಲ.

ಗೋಣಿಯ ಮೇಲೆ ಬರೆಯುವ ವಿಳಾಸದಲ್ಲಿ ಕನ್ನಡದ ಒಂದು ಚಂದ ಇದೆ. ಪತ್ರದಲ್ಲಿ 'ಇಂದ', 'ಗೆ' ಅಂತ ಬರೀ ವಿಭಕ್ತಿ ಪ್ರತ್ಯಯಗಳನ್ನೇ ತಲೆಬರಹ ಮಾಡಿ ನಿಲ್ಲಿಸುತ್ತೇವಲ್ಲ, ಇಲ್ಲೂ ಅದೇ ಸಾಕು. ಬೈಕ್ ಒಯ್ಯುವವನಿಗಂತೂ 'ಇಂದ'ದ ಕೆಳಗೂ 'ಗೆ'ಯ ಕೆಳಗೂ ಒಂದೇ ಹೆಸರು. ರವಾನೆದಾರ, ಸ್ವೀಕೃತಿದಾರ ಅನ್ನುವ ಭಾರದ ಪದಗಳು ಬೇಕೇ ಇಲ್ಲ.

ಇನ್ನು ಕೂಲಿ, ಹಮಾಲಿ. ಕೂಲಿ ಅಂದರೆ ಕನ್ನಡದಲ್ಲಿ ದುಡಿದವನಿಗೆ ಕೊಡುವ ಹಣ, ದುಡಿಯುವವನೂ ಕೂಲಿಯೇ. ಹಮಾಲಿಯೂ ಹಾಗೇ ಎರಡೂ ಕಡೆ ಓಡಾಡುತ್ತದೆ. ಹೊರೆ ಹೊರುವವನು ಅನ್ನುವ ಅರಬಿ ಪದದಿಂದ ಬಂದ ಹಮಾಲ ಒಂದು ಕಡೆ, ಅವನ ಕೆಲಸ ಮತ್ತು ಸಂಬಳಕ್ಕೆ ಹಮಾಲಿ ಇನ್ನೊಂದು ಕಡೆ, ಬಳಕೆಯಲ್ಲಿ ಆಳೇ ಹಮಾಲಿ. 'ಹಮಾಲಿ ಬೇರೆ ಕೊಡಬೇಕು' ಅಂದಾಗ ಹೊಸಬ ಇನ್ನೊಬ್ಬ ಆಳನ್ನು ಹುಡುಕಬಾರದು. ಇದಕ್ಕೆ 'ಹಮಾಲಿ ಹಣ' ಅಂತ ಬರೆಯಬೇಕೆಂದಿದ್ದೇನೆ.

ಊರು ಮುಟ್ಟಿದ ಮೇಲಿನ ಕೆಲಸಕ್ಕೆ 'ಬಿಡಿಸಿಕೊಳ್ಳುವುದು' ಅನ್ನುವುದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳುವ ಹಾಗೇ, ರಸೀದಿ ತೋರಿಸಬೇಕು, ಬಾಕಿ ಇದ್ದರೆ ಕಟ್ಟಬೇಕು, ಆಮೇಲೆ ವಸ್ತು ಕೈಗೆ. 'ಡೆಲಿವರಿ' ಅಂದರೆ ಯಾರೋ ಮನೆ ಬಾಗಿಲಿಗೆ ತಂದುಕೊಡುತ್ತಾರೆ ಅನ್ನಿಸುತ್ತದೆ. ಇಲ್ಲಿ ಹಾಗಿಲ್ಲ. ಹಿಂದಿ ಸೀಮೆಯಲ್ಲಿ ಆ ರಸೀದಿಯನ್ನು ಬಿಲ್ಟಿ ಅನ್ನುತ್ತಾರೆ. ಅಲ್ಲಿನ ಕೌಂಟರಿನಲ್ಲಿ ಕಿವಿಗೆ ಬೀಳುವ ಪದವಾದ್ದರಿಂದ ಬಿಲ್ಟಿಯನ್ನು ಹಾಗೆಯೇ ಇಟ್ಟುಕೊಳ್ಳುತ್ತೇನೆ.

ನಿಜವಾದ ತಲೆನೋವು ಬಾಕಿಯ ಹೆಸರುಗಳದ್ದು. ವಾರ್ಫೇಜ್, ಡೆಮರೇಜ್. ಜನ ಎರಡನ್ನೂ ಡೆಮರೇಜ್ ಅನ್ನುತ್ತಾರೆ, ಎಷ್ಟೋ ಸಲ 'ಡ್ಯಾಮೇಜ್' ಅಂತಲೇ ಕೇಳಿಸುತ್ತದೆ. ಬೈಕಿಗೆ ಏನೋ ಪೆಟ್ಟಾಗಿದೆ ಅಂತ ಎದೆ ಧಸಕ್ಕೆನ್ನುವುದು ಸಹಜ. ಕಾಯ್ದೆಯ ಪ್ರಕಾರ ಡೆಮರೇಜ್ ಇರುವುದು ರೈಲ್ವೆಯ ಡಬ್ಬಿಯನ್ನು ಗಡುವು ಮೀರಿ ತಡೆದಿಟ್ಟದ್ದಕ್ಕೆ. ಗಡುವಿನೊಳಗೆ ಸಾಮಾನು ಎತ್ತಿಕೊಂಡು ಹೋಗದಿದ್ದರೆ ಬೀಳುವುದು ವಾರ್ಫೇಜ್. ಬೈಕಿನವರಿಗೆ ಸಂಬಂಧಪಟ್ಟದ್ದು ಇದೊಂದೇ. ವಾರ್ಫ್ ಅಂದರೆ ಹಡಗುಕಟ್ಟೆ. ಬಂದರಿನ ಪದ ಸಮುದ್ರವೇ ಇಲ್ಲದ ಸ್ಟೇಷನ್ನಿಗೂ ಬಂದು ಕೂತಿದೆ. ಇದನ್ನು 'ನೆಲಬಾಡಿಗೆ' ಅಂದರೆ ಹೇಗೆ? ನಮ್ಮ ಸಾಮಾನು ಅವರ ನೆಲದಲ್ಲಿ ಕೂತದ್ದಕ್ಕೆ ಬಾಡಿಗೆ, ಅಷ್ಟೇ. 'ವಿಳಂಬ ಶುಲ್ಕ' ಅನ್ನುವುದು ಕರೆಂಟ್ ಬಿಲ್ಲಿಗೂ ಪರೀಕ್ಷೆ ಫೀಸಿಗೂ ಆಗಲೇ ಸವೆದುಹೋಗಿದೆ.

ಸಾಗಣೆ ಸರಿಯೋ ಸಾಗಾಣಿಕೆ ಸರಿಯೋ ಅನ್ನುವ ಜಗಳವನ್ನು ಇಲ್ಲಿ ಎಳೆಯುವುದಿಲ್ಲ. ಚಿಕ್ಕದು ಅನ್ನುವ ಕಾರಣಕ್ಕೆ ನಾನು ಸಾಗಣೆಯ ಕಡೆ.

ಕೊನೆಯದಾಗಿ ಒಂದು ಕುತೂಹಲ. ಕೊಂಕಣ ರೈಲ್ವೆಯಲ್ಲಿ 1999ರಿಂದ ಲಾರಿಗಳನ್ನು ಸರಕು ಸಮೇತ ರೈಲಿನ ಮೇಲೆ ಓಡಿಸಿ ನಿಲ್ಲಿಸಿಕೊಂಡು ಸಾಗಿಸುತ್ತಾರೆ. ಸುರತ್ಕಲ್ಲಿನಲ್ಲಿ ಅದನ್ನು ನೋಡಬಹುದು. ಚಾಲಕನೂ ಲಾರಿಯ ಜೊತೆಗೇ ಹೋಗುತ್ತಾನೆ. ಈ ಸಾಗಣೆಗೆ ರೈಲ್ವೆಯವರು ಇಟ್ಟ ಹೆಸರು ರೋರೋ. ಇದು ಕಳಿಸುವುದಂತೂ ಅಲ್ಲ. ಆದರೆ ತಾನು ಕೂತಿರುವ ಲಾರಿಯನ್ನೇ ತಾನು 'ಒಯ್ಯುತ್ತಿದ್ದೇನೆ' ಅನ್ನಬಹುದೋ, ಇಲ್ಲ ಲಾರಿಯೇ ಅವನನ್ನು ಒಯ್ಯುತ್ತಿದೆಯೋ? ಕರಾವಳಿಯ ಲಾರಿ ಚಾಲಕರು ಇದಕ್ಕೆ ಏನನ್ನುತ್ತಾರೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ, ಅವರ ಬಾಯಲ್ಲಿ ಬರುವ ಹಾಗೇ ಬರೆದು ಕಳಿಸಿ.