ಅಪ್‌ಡೇಟ್: ವಿಂಡೋಸ್‌ನಲ್ಲಿ ಕನ್ನಡ ಫೈಲ್ ಹೆಸರು ಪ್ರಶ್ನೆಚಿಹ್ನೆ ಆಗ್ತಿದ್ದದ್ದು ಸರಿ ಆಯ್ತು

ಹೋದ ವಾರ ಕೇಳಿದ್ನಲ್ಲ, ನನ್ನ ಸಿ ಪ್ರೋಗ್ರಾಮ್ ಮನೆ ಉಬುಂಟುಲಿ ಸರಿಯಾಗಿ ಓಡ್ತದೆ, ಶಿರಸಿ ಪೇಟೆಲಿರೋ ಭಾವನ ಅಡಿಕೆ ಮಂಡಿ ವಿಂಡೋಸ್ ಕಂಪ್ಯೂಟರಲ್ಲಿ ಕಮಾಂಡ್ ಲೈನಲ್ಲಿ "ಚಾಲಿ ತೂಕ" ಅಂತ ಫೈಲ್ ಹೆಸರು ಕೊಟ್ರೆ ಬರೀ ಪ್ರಶ್ನೆಚಿಹ್ನೆ ಬರ್ತದೆ ಅಂತ. ನಾನು ಫಾಂಟ್ ತಪ್ಪು ಅಂತ ಎರಡು ದಿನ ಹಾಳು ಮಾಡ್ಕೊಂಡೆ ಮಾರಾಯ್ರೆ.

ಫಾಂಟ್ ಅಲ್ಲ. ಲಿನಕ್ಸಲ್ಲಿ ಟೈಪ್ ಮಾಡಿದ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನ ಬರೆದಿಡೋ ಒಂದು ರೀತಿ) ಬೈಟ್‌ಗಳು ಹಾಗೇ ಆರ್ಗ್‌ವಿಗೆ, ಅಂದ್ರೆ ಕಮಾಂಡ್ ಲೈನಲ್ಲಿ ಕೊಟ್ಟಿದ್ದು ಪ್ರೋಗ್ರಾಮಿಗೆ ಸಿಗೋ ಪಟ್ಟಿಗೆ, ಬರ್ತವೆ, ವಿಂಡೋಸ್ ಒಳಗೆ ಯುಟಿಎಫ್-16 (ಯುನಿಕೋಡಿನ ಇನ್ನೊಂದು ರೀತಿ) ಇಟ್ಕೊಂಡು ಮಾಮೂಲಿ ಮೇನ್‌ಗೆ (ಸಿ ಪ್ರೋಗ್ರಾಮ್ ಶುರುವಾಗೋ ಫಂಕ್ಷನ್) ಕೊಡುವಾಗ ಹಳೇ ಕೋಡ್‌ಪೇಜಿಗೆ (ಕೆಲವೇ ಅಕ್ಷರ ಇರೋ ಹಳೇ ಪಟ್ಟಿ) ಬದಲಾಯಿಸ್ತದೆ, ಅದ್ರಲ್ಲಿ ಕನ್ನಡ ಇಲ್ದೇ ಇದ್ರೆ ಅಕ್ಷರ ಅಲ್ಲೇ ಹೋಯ್ತು, ಆಮೇಲೆ ಏನ್ ಮಾಡಿದ್ರೂ ವಾಪಸ್ ಬರಲ್ಲ. ವಿಂಡೋಸ್‌ಗೆ ಮಾತ್ರ ಇಫ್‌ಡೆಫ್ ಹಾಕಿ, ಮೇನ್ ಬದ್ಲು ಯುಟಿಎಫ್-16ನ್ನ ಹಾಗೇ ತಗೊಳ್ಳೋ ಡಬ್ಲ್ಯೂಮೇನ್ ಬರೆದೆ, ಫೈಲ್ ತೆಗೆಯೋಕೆ ಅದೇ ಥರದ ಡಬ್ಲ್ಯೂಎಫ್‌ಓಪನ್. ಮುಗೀತು.

ಇನ್ನೊಂದು, ಫೈಲ್ ಹೆಸರಿನ ಜಾಗದಲ್ಲಿ ಸ್ಟಾರ್ (*) ಹಾಕಿದ್ರೆ ಲಿನಕ್ಸಲ್ಲಿ ಶೆಲ್ಲೇ (ಕಮಾಂಡ್ ಓದೋ ಪ್ರೋಗ್ರಾಮ್) ಫೈಲ್ ಹೆಸರೆಲ್ಲ ಬಿಡಿಸಿ ಕೊಡ್ತದೆ, ವಿಂಡೋಸಲ್ಲಿ ಅದೇ ಕೆಲಸದ ಸಿಎಂಡಿ ಸ್ಟಾರನ್ನ ಹಾಗೇ ದಾಟಿಸ್ತದೆ. ವಿಷುಯಲ್ ಸ್ಟುಡಿಯೋದಲ್ಲಿ ಡಬ್ಲ್ಯೂಸೆಟ್‌ಆರ್ಗ್‌ವಿ ಆಬ್ಜೆಕ್ಟ್ ಲಿಂಕ್ ಮಾಡಿದ್ಮೇಲೆ ಅದೂ ಆಯ್ತು. ಹೆಸರಲ್ಲಿ ಸ್ಪೇಸ್ ಇದ್ರೆ ಡಬಲ್ ಕೋಟೇ ಹಾಕಿ, ಸಿಂಗಲ್ ಕೋಟ್ ಸಿಎಂಡಿಲಿ ನಡೆಯಲ್ಲ, ಭಾವ ಅದನ್ನೇ ಹಾಕಿ ನಂಗೆ ಮೂರು ಸಲ ಫೋನ್ ಮಾಡಿದ್ದ.