ವಿಲ್, ಟ್ರಸ್ಟ್ ಮಾಡಿಸಬೇಕು, ಲಾಯರ್ ಹುಡುಕುವುದು ಹೇಗೆ? (ಮತ್ತೆ ಮಕ್ಕಳು ಯಾರ ಹತ್ತಿರ?)

ಸ್ಯಾನ್ ರಮೋನ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮನೆಯವರ ಆಫೀಸಿನ ಒಬ್ಬರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. 44 ವಯಸ್ಸು. ವಿಲ್ ಇಲ್ಲ, ಏನೂ ಇಲ್ಲ. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಮಗಳಿಗೆ 9, ಮಗನಿಗೆ 5. ನಾವಿಬ್ಬರೂ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲೇ ಇದ್ದೇವೆ. ಮನೆ 1.5 ಮಿಲಿಯನ್ ಬಾಳುತ್ತೆ ಅಂತಾರೆ, ಅದರಲ್ಲಿ ಸಾಲವೇ 9 ಲಕ್ಷ ಡಾಲರ್. ಮೈಸೂರಲ್ಲಿ ಇವರ ಹೆಸರಲ್ಲಿ ಒಂದು 30-40 ಸೈಟ್ ಇದೆ. ಎಂಥ ಲಾಯರ್ ಹತ್ತಿರ ಹೋಗಬೇಕು, ಫೀಸ್ ಎಷ್ಟಾಗುತ್ತೆ, ಆನ್‌ಲೈನ್ ಫಾರಂ ತುಂಬಿದರೆ ಸಾಕಾ? ಇನ್ನೊಂದು. ಇಬ್ಬರಿಗೂ ಒಟ್ಟಿಗೇ ಏನಾದರೂ ಆದರೆ ಮಕ್ಕಳನ್ನು ಯಾರು ಸಾಕಬೇಕು ಅಂತ ವಿಲ್‌ನಲ್ಲಿ ಬರೆಯಬೇಕಂತೆ. ಇವರು ಹಾಸನದ ಅಣ್ಣ ಅಂತಾರೆ. ನಾನು ಪಕ್ಕದ ಬೀದಿಯ ಗೆಳತಿ ಅಂತೀನಿ. ತೆಲುಗಿನವರು, ಮಕ್ಕಳು ಅರ್ಧ ಅವರ ಮನೆಯಲ್ಲೇ ಬೆಳೆದಿವೆ. ಎರಡು ವಾರದಿಂದ ಮನೆಯಲ್ಲಿ ಇದೇ ಜಗಳ.

ಹಳೇ ಹುಲಿ 1989:
ಟ್ರಸ್ಟ್ ಮಾಡಿಸಮ್ಮ. ಲಿವಿಂಗ್ ಟ್ರಸ್ಟ್, ಅಂದರೆ ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟ್ ಹೆಸರಿಗೆ ಹಾಕುವುದು. ಬರೀ ವಿಲ್ ಸಾಲದು, ಕೋರ್ಟ್ ತಪ್ಪುವುದಿಲ್ಲ. ಈ ಗುಂಪಿನಲ್ಲಿ ನೂರು ಸಲ ಹೇಳಿದ್ದೇನೆ, ಯಾರೂ ಕೇಳುವುದಿಲ್ಲ.

ಡಬ್ಲಿನ್ ಗೌಡ:
ನಮ್ಮ ಮಗಳು ಈ ವರ್ಷ ಲಾ ಸ್ಕೂಲ್ ಸೇರಿದಳು. ಮೂರು ವರ್ಷ ತಡೆಯಿರಿ, ಗುಂಪಿನವರಿಗೆಲ್ಲ ಡಿಸ್ಕೌಂಟ್ 😀

ಶಿವಮೊಗ್ಗ ಎಕ್ಸ್‌ಪ್ರೆಸ್:
ಹುಲಿ ಸರ್ ಹೇಳಿದ್ದು ನಿಜ, ಆದರೆ ಟ್ರಸ್ಟ್ ಮಾಡಿಸಿದರೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಭಾವನ ಕಥೆ ಕೇಳಿ. ದಪ್ಪ ಬೈಂಡರ್, ಮೇಲೆ ಚಿನ್ನದ ಬಣ್ಣದ ಅಕ್ಷರ, ಎಲ್ಲಾ ಇತ್ತು. 2020ರಲ್ಲಿ ಬಡ್ಡಿ ಇಳಿಯಿತು ಅಂತ ರೀಫೈನಾನ್ಸ್ ಮಾಡಿದರು, ಹಳೇ ಸಾಲ ತೀರಿಸಿ ಹೊಸ ಸಾಲ. ಸಾಲ ಕೊಡುವವರು ಮನೆಯನ್ನು ಟ್ರಸ್ಟ್‌ನಿಂದ ತೆಗೆದು ಸ್ವಂತ ಹೆಸರಿಗೆ ಮಾಡಿಕೊಳ್ಳಿ ಅಂದರು, ಮಾಡಿಕೊಂಡರು. ವಾಪಸ್ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಅಕ್ಕ ಮೊದಲೇ ಹೋಗಿದ್ದಳು. ಭಾವ ಹೋದಾಗ ನೋಡಿದರೆ ಟ್ರಸ್ಟ್ ಇದೆ, ಟ್ರಸ್ಟ್ ಒಳಗೆ ಮನೆ ಇಲ್ಲ. ಪ್ರೊಬೇಟ್ ಕೋರ್ಟಿಗೆ, ಅಂದರೆ ಸತ್ತವರ ಆಸ್ತಿಯನ್ನು ವಾರಸುದಾರರಿಗೆ ವಹಿಸುವ ಕೋರ್ಟಿಗೆ, 14 ತಿಂಗಳು ಓಡಾಡಿದೆ.

ಕ್ಯಾಲಿಫೋರ್ನಿಯಾದಲ್ಲಿ ಪ್ರೊಬೇಟ್ ಲಾಯರ್ ಫೀಸು ಎಷ್ಟು ಅಂತ ಕಾನೂನೇ ಹೇಳುತ್ತೆ. ಮೊದಲ 1 ಲಕ್ಷ ಡಾಲರ್‌ಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರ ಮೇಲಿನ 8 ಲಕ್ಷಕ್ಕೆ ಶೇ. 2, ಆಮೇಲೆ 10 ಮಿಲಿಯನ್‌ವರೆಗೆ ಶೇ. 1. ನಿಮ್ಮ ಮನೆಗೆ 28,000 ಡಾಲರ್ ಆಯಿತು. ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್ ಆದವರೂ ಅಷ್ಟೇ ತೆಗೆದುಕೊಳ್ಳಬಹುದು. ಸಾಲ ಕಳೆದು ಉಳಿದದ್ದರ ಮೇಲಲ್ಲ ಮೇಡಂ, ಪೂರ್ತಿ ಬೆಲೆಯ ಮೇಲೆ. ಆ 9 ಲಕ್ಷ ಲೆಕ್ಕಕ್ಕೇ ಇಲ್ಲ.

ಲಾಯರ್ ಹೆಸರನ್ನು ಸ್ಟೇಟ್ ಬಾರ್ (ಲಾಯರ್‌ಗಳ ಮೇಲ್ವಿಚಾರಣೆ ಮಾಡುವ ಸಂಸ್ಥೆ) ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಲೈಸೆನ್ಸ್ ಇದೆಯಾ, ಶಿಸ್ತು ಕ್ರಮ ಏನಾದರೂ ಆಗಿದೆಯಾ ಅಂತ ಗೊತ್ತಾಗುತ್ತೆ. ಎಸ್ಟೇಟ್ ಪ್ಲ್ಯಾನಿಂಗ್ (ಸತ್ತ ಮೇಲೆ ಆಸ್ತಿ ಯಾರಿಗೆ ಅನ್ನುವ ಏರ್ಪಾಡು), ಟ್ರಸ್ಟ್, ಪ್ರೊಬೇಟ್‌ಗೇ ‘ಸರ್ಟಿಫೈಡ್ ಸ್ಪೆಷಲಿಸ್ಟ್’ ಅಂತ ಇರುತ್ತಾರೆ, ಅವರೇ ಬೇಕು. ವೀಸಾ ಮಾಡಿಕೊಟ್ಟ ಲಾಯರ್ ಒಳ್ಳೆಯವರು ಅಂತ ಅವರ ಹತ್ತಿರವೇ ಇದನ್ನೂ ಮಾಡಿಸಬೇಡಿ. ನಾವಿಬ್ಬರೂ ಸೇರಿ 3,500 ಕೊಟ್ಟೆವು, ಗಂಟೆ ಲೆಕ್ಕ ಅಲ್ಲ, ಒಟ್ಟು ಮೊತ್ತ. ಮನೆಯನ್ನು ಟ್ರಸ್ಟ್ ಹೆಸರಿಗೆ ಮಾಡುವ ಡೀಡ್ ಬರೆದು ಕೌಂಟಿ ರೆಕಾರ್ಡರ್ (ಆಸ್ತಿ ನೋಂದಣಿ ಕಚೇರಿ) ಹತ್ತಿರ ದಾಖಲು ಮಾಡುವುದೂ ಅದರಲ್ಲೇ ಸೇರಿದೆಯಾ ಅಂತ ಮೊದಲೇ ಕೇಳಿ. ನಿಮ್ಮದೇ ಲಿವಿಂಗ್ ಟ್ರಸ್ಟ್‌ಗೆ ಮನೆ ಹಾಕಿದರೆ ಪ್ರಾಪರ್ಟಿ ಟ್ಯಾಕ್ಸ್ ಏರುವುದಿಲ್ಲ.

ಟ್ಯಾಕ್ಸ್ ಮೇಷ್ಟ್ರು:
ಆನ್‌ಲೈನ್ ಫಾರಂ ನಿಮಗೆ ಬೇಡ. 2026ಕ್ಕೆ ಎಸ್ಟೇಟ್ ಟ್ಯಾಕ್ಸ್ (ಸತ್ತವರ ಆಸ್ತಿಯ ಮೇಲಿನ ತೆರಿಗೆ) ವಿನಾಯಿತಿ 15 ಮಿಲಿಯನ್ ಅಂತ ಎಲ್ಲರೂ ಹೇಳುತ್ತಾರೆ. ಅದು ನಾಗರಿಕರಿಗೆ, ಮತ್ತೆ ಇಲ್ಲೇ ಕಾಯಂ ನೆಲೆ ಅಂತ ಲೆಕ್ಕಕ್ಕೆ ಬರುವವರಿಗೆ. ಆ ಲೆಕ್ಕಕ್ಕೆ ಬರದಿದ್ದರೆ ಇಲ್ಲಿನ ಆಸ್ತಿಗೆ ಸಿಗುವುದು ಬರೀ 60,000. ಇನ್‌ಕಮ್ ಟ್ಯಾಕ್ಸ್‌ನ ರೆಸಿಡೆಂಟ್ ಬೇರೆ, ಇದು ಬೇರೆ. ಎಚ್-1ಬಿಯವರು ಯಾವ ಕಡೆ ಬೀಳುತ್ತಾರೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಗಂಡ ಹೆಂಡತಿಗೆ ಬಿಟ್ಟುಹೋದರೂ, ಹೆಂಡತಿ ನಾಗರಿಕಳಲ್ಲದಿದ್ದರೆ ನಿಯಮ ಬೇರೆ. ಈ ಪ್ರಶ್ನೆ ಕೇಳಿದಾಗ ಕಣ್ಣು ಪಿಳಿಪಿಳಿ ಬಿಡುವ ಲಾಯರ್ ಆದರೆ ಎದ್ದು ಬನ್ನಿ.

ಹಳೇ ಹುಲಿ 1989:
ಎಲ್ಲರೂ ದುಡ್ಡಿನ ಲೆಕ್ಕ ಹಾಕುತ್ತಾ ಕೂತಿದ್ದೀರಿ. ಸ್ವಂತ ದೊಡ್ಡಪ್ಪ ಹಾಸನದಲ್ಲಿ ಗಟ್ಟಿಮುಟ್ಟಾಗಿ ಇರುವಾಗ ಮಕ್ಕಳನ್ನು ತೆಲುಗಿನವರ ಮನೆಗೆ ಬರೆದುಕೊಡುವುದಾ? ನಾನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ದೇಶದಲ್ಲಿ ಫ್ರೆಂಡ್ಸ್ ಅನ್ನುವವರು ಪಾಟ್‌ಲಕ್ ಊಟಕ್ಕೆ ಮಾತ್ರ. ರಕ್ತಸಂಬಂಧ ಅಂತ ಒಂದು ಇರುತ್ತೆ. ಹಾಸನದಲ್ಲಿ ಬೆಳೆದರೆ ಕನ್ನಡವಾದರೂ ಉಳಿಯುತ್ತೆ. ನಿಜ ಹೇಳಬೇಕೆಂದರೆ ನೀವೂ ಇಲ್ಲಿ ಕೂತು ಟ್ರಸ್ಟ್ ಮಾಡಿಸುವ ಬದಲು ಮಕ್ಕಳು ಚಿಕ್ಕವರಿರುವಾಗಲೇ ಊರಿಗೆ ಹೊರಡಿ.

ಮಿಲ್ಪಿಟಾಸ್ ಮಲ್ಲಿಗೆ:
ಬಂತು ನೋಡಿ, ‘ಊರಿಗೆ ಹೊರಡಿ’. 9 ವರ್ಷದ ಹುಡುಗಿ ಅಪ್ಪ ಅಮ್ಮನ್ನ ಕಳೆದುಕೊಂಡ ವಾರವೇ ಸ್ಕೂಲು, ಗೆಳತಿಯರು, ದೇಶ ಎಲ್ಲಾ ಬಿಟ್ಟು ಹೋಗಬೇಕಾ? ಅದೂ ಎರಡು ವರ್ಷಕ್ಕೊಮ್ಮೆ ನೋಡುವ ದೊಡ್ಡಪ್ಪನ ಮನೆಗೆ? ನಿಮ್ಮ ಮಕ್ಕಳು ಕನ್ನಡ ಮಾತಾಡುತ್ತಾರಾ ಸರ್?

ಜಯನಗರ 4ನೇ ಬ್ಲಾಕ್:
ಮೈಸೂರು ಸೈಟ್ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಬೇರೆ ವಿಲ್ ಬರೆಸಿ, ಊರಿನ ಲಾಯರ್ ಹತ್ತಿರ, ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಲ್ಲ. ಆದರೆ ಇಲ್ಲಿನ ವಿಲ್‌ನಲ್ಲಿ ‘ಹಿಂದಿನ ಎಲ್ಲಾ ವಿಲ್ ರದ್ದು’ ಅಂತ ಒಂದು ಸಾಲು ಇದ್ದೇ ಇರುತ್ತೆ. ಭಾರತದ ವಿಲ್ ಬಿಟ್ಟು ಅಂತ ಸೇರಿಸದಿದ್ದರೆ ಊರಿನ ಕೆಲಸ ನೀರಿನಲ್ಲಿ ಹೋಮ. ವಿಲ್ ಇಲ್ಲದಿದ್ದರೆ ಅವರ ಸ್ವಂತ ಸಂಪಾದನೆಯ ಸೈಟ್ ನಿಮಗೆ, ಇಬ್ಬರು ಮಕ್ಕಳಿಗೆ, ನಿಮ್ಮ ಅತ್ತೆಗೆ ನಾಲ್ಕು ಸಮಪಾಲು. ತುಂಬಾ ಜನಕ್ಕೆ ತಾಯಿಗೆ ಪಾಲಿದೆ ಅನ್ನುವುದೇ ಗೊತ್ತಿಲ್ಲ.

ಇನ್ನು ‘ಅಣ್ಣನಿಗೆ ಜಿಪಿಎ (ನಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಟ್ಟಿದ್ದೇವೆ, ಅವನು ನೋಡಿಕೊಳ್ಳುತ್ತಾನೆ’ ಅಂದುಕೊಂಡಿದ್ದರೆ, ಕೊಟ್ಟವರು ಸತ್ತರೆ ಜಿಪಿಎ ಕೂಡ ಸತ್ತಿತು. ನಮ್ಮಪ್ಪ ಚಿಕ್ಕಪ್ಪನಿಗೆ ಕೊಟ್ಟಿದ್ದರು. ಅಪ್ಪ ಹೋದ ಮೇಲೆ ವಂಶವೃಕ್ಷ, ಮರಣ ಪತ್ರ, ಖಾತೆ ಬದಲಾವಣೆ ಅಂತ ನಾನು ಮೂರು ಸಲ ಟಿಕೆಟ್ ತೆಗೆದೆ. ಅಪ್ಪ ಹೋದಾಗ ಮಾತ್ರ ಟಿಕೆಟ್ ಸಿಗಲಿಲ್ಲ. ಕಾಗದಕ್ಕೆ ಸಿಕ್ಕಿತು.

ಹಳೇ ಹುಲಿ 1989:
ಮಲ್ಲಿಗೆಯವರೇ, ನನ್ನ ಮಕ್ಕಳ ವಿಷಯ ಯಾಕೆ ತರುತ್ತೀರಿ? ಮಾತಾಡುವುದಿಲ್ಲ. ಅದಕ್ಕೇ ಹೇಳುತ್ತಿರುವುದು. ದೊಡ್ಡವನು ಸಿಯಾಟಲ್‌ನಲ್ಲಿದ್ದಾನೆ. ಟ್ರಸ್ಟ್ ಕಾಗದ ಮನೆಯಲ್ಲಿ ಎಲ್ಲಿಟ್ಟಿದ್ದೇನೆ ಅಂತ ಹೇಳಲು ಎರಡು ಸಲ ಫೋನ್ ಮಾಡಿದೆ. ‘ಡ್ಯಾಡ್, ಈಮೇಲ್ ಮಾಡು’ ಅಂದ. ಮಾಡಿದ್ದೇನೆ. ಓದಿದನೋ ಇಲ್ಲವೋ.

ಡಬ್ಲಿನ್ ಗೌಡ:
ಕನ್ನಡ ಮನೆಯಲ್ಲಿ ಮಾತಾಡಿದರೆ ತಾನಾಗೇ ಬರುತ್ತೆ ಸರ್. ನಮ್ಮ ಇಬ್ಬರೂ ಭಾನುವಾರದ ಕನ್ನಡ ಕ್ಲಾಸ್ ಒಂದೂ ತಪ್ಪಿಸಿಲ್ಲ.

ಮಿಲ್ಪಿಟಾಸ್ ಮಲ್ಲಿಗೆ:
ಎಲ್ಲರ ಮನೆಯಲ್ಲೂ ಹಾಗೆ ಆಗಲ್ಲ ಗೌಡ್ರೇ. ಕ್ಲಾಸಿಗೆ ಹೋದವರೇ ಆಮೇಲೆ ಒಂದಕ್ಷರ ಆಡದೆ ಇರುವುದನ್ನೂ ನೋಡಿದ್ದೇನೆ.

(ಇಲ್ಲಿಂದ ಮುಂದೆ ಕನ್ನಡ ಕ್ಲಾಸ್ ಬಗ್ಗೆ ಇನ್ನೂ 31 ಮೆಸೇಜ್.)

ಶಿವಮೊಗ್ಗ ಎಕ್ಸ್‌ಪ್ರೆಸ್:
ಕ್ಲಾಸಿನ ಮಧ್ಯೆ ಒಂದು ಮಾತು. ಅಣ್ಣನೋ ಗೆಳತಿಯೋ ಅಂತ ಒಬ್ಬರನ್ನೇ ಆರಿಸಬೇಕಾಗಿಲ್ಲ. ಮಕ್ಕಳನ್ನು ಸಾಕುವವರು ಗಾರ್ಡಿಯನ್, ದುಡ್ಡು ನೋಡಿಕೊಳ್ಳುವವರು ಟ್ರಸ್ಟೀ, ಇಬ್ಬರೂ ಬೇರೆ ಇರಬಹುದು. ಊರಿನವರನ್ನೇ ಗಾರ್ಡಿಯನ್ ಮಾಡಿದರೂ ಅವರಿಗೆ ವೀಸಾ ಆಗಿ, ಇಲ್ಲಿನ ಜಡ್ಜ್ ಒಪ್ಪುವ ತನಕ ಮಕ್ಕಳ ಜೊತೆ ಇರಲು ಹತ್ತಿರದ ಒಬ್ಬರ ಹೆಸರು ಬೇಕೇ ಬೇಕು. ಅದನ್ನೂ ಬರೆಸಿ. ಅಂದಹಾಗೆ, ಹಾಸನದವರನ್ನು ಕೇಳಿದಿರಾ? ಅವರು ಒಪ್ಪಿದ್ದಾರಾ?

ಸ್ಯಾನ್ ರಮೋನ್ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಗುರುವಾರ 4 ಗಂಟೆಗೆ ಒಬ್ಬ ಲಾಯರ್ ಹತ್ತಿರ ಟೈಮ್ ಸಿಕ್ಕಿದೆ, ಸ್ಪೆಷಲಿಸ್ಟ್ ಅಂತ ನೋಡಿಯೇ ತೆಗೆದುಕೊಂಡೆ. ಡೀಡ್, ಆ 60,000, ಮೈಸೂರು ಸೈಟ್, ಎಲ್ಲಾ ಬರೆದಿಟ್ಟುಕೊಂಡಿದ್ದೇನೆ. ಎಕ್ಸ್‌ಪ್ರೆಸ್ ಸರ್, ಭಾವನವರನ್ನು ಕೇಳಿಲ್ಲ. ಗೆಳತಿಯನ್ನೂ ಕೇಳಿಲ್ಲ. ಎರಡು ವಾರದಿಂದ ನಾವಿಬ್ಬರೇ ಜಗಳ ಆಡುತ್ತಿದ್ದೇವೆ.

ಹಳೇ ಹುಲಿ 1989:
ಆ ತೆಲುಗಿನವರ ಮನೆಯಲ್ಲಿ ಯಾರಿಗಾದರೂ ಕನ್ನಡ ಬರುತ್ತಾ, ಅದನ್ನು ಹೇಳಮ್ಮ.

ಸ್ಯಾನ್ ರಮೋನ್ ಅಮ್ಮ:
ಅವರ ಅತ್ತೆ ಬಳ್ಳಾರಿಯವರು ಸರ್.

ಹಳೇ ಹುಲಿ 1989:
ಅದನ್ನ ಮೊದಲೇ ಹೇಳೋದಲ್ವಾ.