ಸಹಾಯ ಬೇಕು: ಕಾಡುಪಾಪಕ್ಕೆ ಕರೆಂಟ್ ಹೊಡೆದಿದೆ, ಈಗ ಏನ್ ಮಾಡ್ಬೇಕು?

ಎಲ್ರಿಗೂ ನಮಸ್ಕಾರ, ತುಂಬಾ ಅರ್ಜೆಂಟು. ನಮ್ದು ತುಮಕೂರು ಕಡೆ ತೋಟ, ರಾತ್ರಿ ಮೋಟ್ರು ಹಾಕೋಕ್ ಹೋದಾಗ ಲೈಟ್ ಕಂಬದ ಕೆಳಗೆ ಒಂದು ಕಾಡುಪಾಪ (ಸ್ಲೆಂಡರ್ ಲೋರಿಸ್, ರಾತ್ರಿ ಓಡಾಡೋ ದೊಡ್ಡ ಕಣ್ಣಿನ ಸಣ್ಣ ಪ್ರಾಣಿ) ಬಿದ್ದಿತ್ತು, ತಂತಿ ಮೇಲೆ ದಾಟೋಕೆ ಹೋಗಿ ಶಾಕ್ ಹೊಡೆದಿರ್ಬೇಕು, ಎಡಗೈ ಅಂಗೈ ಪೂರ್ತಿ ಸುಟ್ಟಿದೆ, ಎರಡು ಬೆರಳು ಕಪ್ಪಾಗಿಬಿಟ್ಟಿವೆ. ಬರಿಗೈಲಿ ಮುಟ್ಲಿಲ್ಲ, ಟವಲ್ ಹಾಕಿ ಎತ್ಕೊಂಡೆ, ಇನ್ನೊಂದ್ ಕೈಲಿ ಆ ಟವಲನ್ನ ಎಷ್ಟು ಗಟ್ಟಿ ಹಿಡ್ಕೊಂಡಿದೆ ಅಂದ್ರೆ ಬಿಡ್ತಾನೇ ಇಲ್ಲ ಪಾಪ. ರಟ್ಟಿನ ಡಬ್ಬಕ್ಕೆ ತೂತು ಮಾಡಿ ಒಳಗಿಟ್ಟು, ರೂಮಿನ ಲೈಟ್ ಆರಿಸಿದೀನಿ, ಕಣ್ಣಿಗೆ ಟಾರ್ಚ್ ಬಿಡ್ತಿಲ್ಲ.

ಅರಣ್ಯ ಇಲಾಖೆ 1926ಕ್ಕೆ ಫೋನ್ ಮಾಡಾಯ್ತು, ಬರ್ತಿದಾರೆ, ಆದ್ರೆ ದೂರ. ಅಮ್ಮ ಚಮಚದಲ್ಲಿ ಹಾಲು ಕುಡಿಸೋಣ ಅಂತಾರೆ, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ ಅಂತ ನಾನು ಬೇಡ ಅಂದೆ. ಪಕ್ಕದ್ಮನೆ ಅಜ್ಜಿ ಅರಿಶಿನ ಹಚ್ಚು ಅಂತಿದಾರೆ, ಅದೂ ಹಚ್ಚಿಲ್ಲ. ಮೈ ತಣ್ಣಗಿದೆ, ಬಾಟ್ಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿ ಇಡ್ಬಹುದಾ? ವನ್ಯಜೀವಿ ನೋಡೋ ಡಾಕ್ಟ್ರು ಯಾರಾದ್ರೂ ಇದ್ರೆ ದಯವಿಟ್ಟು ಮೆಸೇಜ್ ಮಾಡಿ. ಮಾಟಮಂತ್ರಕ್ಕೆ ಅಂತ ಇದನ್ನ ಹಿಡಿಯೋರು ಇದಾರೆ, ಅದಕ್ಕೇ ಫೋಟೋ, ಊರಿನ ಹೆಸರು ಹಾಕಿಲ್ಲ.